ಗುಡ್ಡಗಳ ನಡುವಿನ ಹಳ್ಳದ ದಂಡೆಯನ್ನು ಕಾಡಿಗೆ ಬಿಡಿ

ಸಂಪಾದಕರಿಗೆ,

ಮಾನ್ಯರೇ,

ಜೂನ್ ಬಂತೆಂದರೆ ಎಲ್ಲೆಲ್ಲಿ ಎಷ್ಟು ಸಸಿ ನೆಟ್ಟರು ಎಂಬ ಸುದ್ದಿ ಪತ್ರಿಕೆಗಳ ತುಂಬ ಬರುತ್ತದೆ. ಅದೇ ವರ್ಷ ಎರಡು ಗುಡ್ಡಗಳ ನಡುವಿನ ಕುರುಚಲು ಎಷ್ಟು ಎಕರೆ ಮೆಕ್ಕೆಜೋಳದ ಹೊಲವಾಯಿತು, ಎಷ್ಟು ಹಳ್ಳದ ದಂಡೆ ಟ್ರ್ಯಾಕ್ಟರ್ ನೇಗಿಲಿಗೆ ಸಿಕ್ಕಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಒಣಕಾಡಿಗೆ ಕುತ್ತು ಬಂದಿರುವುದು ಈ ಕಡೆಯಿಂದ. ಇಲ್ಲಿ ಕಾಡು ಒಮ್ಮೆಲೇ ಹೋಗುತ್ತಿಲ್ಲ, ತುಂಡು ತುಂಡಾಗುತ್ತಿದೆ. ತುಂಡಾದ ಕಾಡಿಗೆ ಸಸಿ ತಂದು ತುಂಬುವುದಕ್ಕಿಂತ ಮೊದಲು ತುಂಡುಗಳನ್ನು ಕೂಡಿಸಬೇಕು. ಕೂಡಿಸಲು ಇರುವ ಅಗ್ಗದ ದಾರಿ ಹಳ್ಳ. ಈ ಪತ್ರ ಅದರ ಬಗ್ಗೆ.

ಒಣಕಾಡು ಎಂದರೆ ಏನೆಂಬುದನ್ನು ಮೊದಲು ಹೇಳಬೇಕಾಗಿದೆ. ವರ್ಷಕ್ಕೆ 500ರಿಂದ 700 ಮಿಲಿಮೀಟರ್ ಮಳೆ ಬೀಳುವ ಕಲ್ಲುಗುಡ್ಡದ ಮೇಲೆ ದಿಂಡಿಗ, ಕಮರ, ಕಗ್ಗಲಿ, ಮುತ್ತುಗ, ತಡಸಲು, ಕಕ್ಕೆ, ಅವುಗಳ ಕೆಳಗೆ ಬಾರೆ, ಕವಳಿ, ಕಾರೆ, ಬಂದರಿಕೆ, ತಂಗಡಿ, ನಡುನಡುವೆ ಹುಲ್ಲು. ಫೆಬ್ರುವರಿಯಿಂದ ಮೇವರೆಗೆ ಬಹುಪಾಲು ಮರಗಳಲ್ಲಿ ಎಲೆ ಇರುವುದಿಲ್ಲ. ಮಲೆನಾಡು ನೋಡಿ ಬಂದ ಕಣ್ಣಿಗೆ ಇದು ಸತ್ತ ಕಾಡು. ಕಡತದ ಭಾಷೆಯಲ್ಲಿ ಇದು ‘ಪಾಳು’. ಆದರೆ ಎಲೆ ಉದುರಿಸುವುದು ನೀರು ಉಳಿಸಲು ಮರ ಕಂಡುಕೊಂಡ ಉಪಾಯ. ದೇವರ ಎತ್ತುಗಳನ್ನು ಮೇಯಿಸುವ ಮ್ಯಾಸಬೇಡರಿಗೆ, ತಮ್ಮ ದೇವರು ಕ್ಯಾತಪ್ಪನ ಪರಿಷೆಗೆ ಬಾರೆಯ ಮುಳ್ಳುಕೊಂಬೆಗಳಲ್ಲಿ ಗುಡಿ ಕಟ್ಟುವ ಕಾಡುಗೊಲ್ಲರಿಗೆ ಇದು ಎಂದೂ ಪಾಳು ಆಗಿರಲಿಲ್ಲ. ಪಾಳು ಎಂದು ಬರೆದಿಟ್ಟ ನೆಲವನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು ಎಂಬ ಧೋರಣೆಯಿಂದಲೇ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲು (ಆ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು) ಕೆಲವೇ ವರ್ಷಗಳಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಹುಲ್ಲುಗಾವಲು ಮತ್ತು ಕುರುಚಲು ಕಾಡು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೂ ಗಾಯ.

ತುಂಡಾಗುವುದರಿಂದ ಆಗುವ ನಷ್ಟ ಪಹಣಿಯಲ್ಲಿ ಕಾಣುವುದಿಲ್ಲ. ಸಣ್ಣ ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಕಾಡು ಇದೆ ಎನ್ನಿ. ಅದು 100 ಹೆಕ್ಟೇರ್, ಹತ್ತಿರ ಹತ್ತಿರ 250 ಎಕರೆ. ಅಂಚಿನಿಂದ 100 ಮೀಟರ್ ಒಳಗಿನವರೆಗೆ ಬಿಸಿಗಾಳಿ, ದೂಳು, ನಾಯಿ, ಕಳೆನಾಶಕದ ಹನಿ, ಬದುವಿನ ಬೆಂಕಿ ತಲುಪುತ್ತದೆ ಎಂದು ಹಿಡಿದರೆ, ನೆಮ್ಮದಿಯ ನಡುಗಾಡು ಉಳಿಯುವುದು 64 ಹೆಕ್ಟೇರ್. ಈಗ ಅದರ ನಡುವೆ ಅಡ್ಡಕ್ಕೊಂದು ಉದ್ದಕ್ಕೊಂದು ಹತ್ತು ಮೀಟರ್ ಅಗಲದ ರಸ್ತೆ ತೆಗೆಯಿರಿ. ರಸ್ತೆಗೆ ಹೋದ ನೆಲ ಎರಡೇ ಹೆಕ್ಟೇರ್. ಆದರೆ ನಾಲ್ಕು ತುಂಡುಗಳಲ್ಲಿ ತಲಾ ಸುಮಾರು 8.7 ಹೆಕ್ಟೇರ್‌ನಂತೆ ನಡುಗಾಡು ಸುಮಾರು 35ಕ್ಕೆ ಇಳಿಯುತ್ತದೆ. ಅದೇ ನಾಲ್ಕನ್ನು ಮತ್ತೆ ನಾಲ್ಕು ನಾಲ್ಕಾಗಿ ಸೀಳಿ ಹದಿನಾರು ಮಾಡಿದರೆ ರಸ್ತೆಗಳಿಗೆ ಹೋಗುವುದು ಒಟ್ಟು ಆರು ಹೆಕ್ಟೇರ್. ಉಳಿಯುವ ನಡುಗಾಡು ಹದಿನಾರೂ ತುಂಡು ಸೇರಿ ಸುಮಾರು ಮೂರೇ ಹೆಕ್ಟೇರ್. ನಕ್ಷೆಯಲ್ಲಿ 94 ಹೆಕ್ಟೇರ್ ಹಸಿರು ಬಣ್ಣ ಹಾಗೆಯೇ ಇರುತ್ತದೆ, ‘ಅರಣ್ಯ ಹಾನಿ ಶೇ 6 ಮಾತ್ರ’ ಎಂದು ವರದಿ ಹೋಗುತ್ತದೆ. 100 ಮೀಟರ್ ಎಂಬುದು ಲೆಕ್ಕಕ್ಕೆ ಹಿಡಿದ ಅಳತೆ. ಬಿಸಿಗಾಳಿ ಇನ್ನೂ ಮೊದಲೇ ನಿಲ್ಲಬಹುದು. ನಾಯಿ, ಲಂಟಾನ, ಬೆಂಕಿ ಇನ್ನೂ ಒಳಕ್ಕೆ ಹೋಗುತ್ತವೆ.

ಚಿಕ್ಕ ತುಂಡಿನೊಳಗೆ ಆಗುವುದು ನಿಧಾನದ ಸಾವು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಮರಗಳು ನಿಂತೇ ಇರುತ್ತವೆ. ಆದರೆ ಮೊಣಕಾಲೆತ್ತರದ ಮರಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಕಕ್ಕೆಕಾಯಿಯ ತಿರುಳನ್ನೂ ಬಾರೆಹಣ್ಣನ್ನೂ ತಿಂದು ಮೈಲುಗಟ್ಟಲೆ ನಡೆದು ಮಲದಲ್ಲಿ ಬೀಜ ಬಿಡುವುದು ಕರಡಿ. ಶ್ರೀಗಂಧದ ಬೀಜ ಹೊತ್ತು ತರುವುದು ಪಿಕಳಾರ, ಕೋಗಿಲೆಯಂಥ ಹಕ್ಕಿಗಳು. ಆ ಬೀಜ ಮೊಳೆತರೂ ಬೇರಿಗೆ ಅಂಟಿಕೊಳ್ಳಲು ಪಕ್ಕದಲ್ಲಿ ಆಸರೆ ಗಿಡ ಬೇಕು. ಎರಡು ಗುಡ್ಡಗಳ ನಡುವೆ ಒಂದು ಕಿಲೋಮೀಟರ್ ಬೋಳು ಹೊಲ ಬಂದರೆ ಕರಡಿ ರಾತ್ರಿ ಶೇಂಗಾ ಹೊಲ ದಾಟಿಕೊಂಡು ಬರುತ್ತದೆ, ಮನುಷ್ಯರಿಗೆ ಎದುರಾಗುತ್ತದೆ, ಆಮೇಲೆ ‘ಕರಡಿ ದಾಳಿ’ ಎಂಬ ಸುದ್ದಿ. ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬಿನ ಸಣ್ಣ ಹುಲ್ಲೆಗೆ, ಅಷ್ಟೂ ಧೈರ್ಯವಿಲ್ಲ. ಇಪ್ಪತ್ತು ಕೆ.ಜಿ. ಆಸುಪಾಸಿನ, ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಇರುವ ಈ ಪ್ರಾಣಿಗೆ ಅಡಗಲು ಎತ್ತರದ ಹುಲ್ಲು, ಹತ್ತಿರದಲ್ಲಿ ಕುಡಿಯುವ ನೀರು ಎರಡೂ ಬೇಕು. ಬಯಲಿಗೆ ಬಂದರೆ ಊರನಾಯಿಗಳ ಬಾಯಿಗೆ ಬೀಳುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ 77 ಚದರ ಕಿಲೋಮೀಟರ್ ಕಾಡನ್ನು ಇದಕ್ಕಾಗಿಯೇ ಧಾಮವೆಂದು ಘೋಷಿಸಿದ್ದು ಹೆಮ್ಮೆಯ ಸಂಗತಿ. ಜೋಗಿಮಟ್ಟಿಗೂ, ಸುಮಾರು 100 ಚದರ ಕಿಲೋಮೀಟರ್‌ಗೆ, 2015ರಲ್ಲಿ ಧಾಮದ ರಕ್ಷಣೆ ಸಿಕ್ಕಿತು. ಆದರೆ ಧಾಮದ ಗಡಿ ಮುಗಿದಲ್ಲಿಂದ ಮುಂದಿನ ಗುಡ್ಡಕ್ಕೆ ಹೋಗುವ ದಾರಿಗೆ ಯಾವ ಘೋಷಣೆಯೂ ಇಲ್ಲ.

ಆ ದಾರಿ ಹಳ್ಳ. ನಮ್ಮ ಸೀಮೆಯಲ್ಲಿ ಹಳ್ಳ ಹುಟ್ಟುವುದು ಗುಡ್ಡದಲ್ಲಿ, ಹೊಲಗಳ ನಡುವೆ ಹರಿದು ಸೇರುವುದು ಕೆರೆಯನ್ನು. ಆ ಕೆರೆಗೆ ಇನ್ನೊಂದು ಗುಡ್ಡದ ಹಳ್ಳವೂ ಬಂದು ಸೇರುತ್ತದೆ. ಹಾಗಾಗಿ ಗುಡ್ಡದಿಂದ ಕೆರೆ, ಕೆರೆಯಿಂದ ಗುಡ್ಡ ಎಂದು ಜೋಡಣೆ ತಾನಾಗಿ ಇದೆ. ದಂಡೆಯಲ್ಲಿ ಹೊಂಗೆ, ನೇರಳೆ, ಈಚಲು, ಲಕ್ಕಿ ಇನ್ನೂ ಅಲ್ಲಲ್ಲಿ ಉಳಿದಿವೆ. ಎಲ್ಲಕ್ಕಿಂತ ಮುಖ್ಯ, ಇದು ಸರ್ಕಾರಿ ನೆಲ. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಯ ಜಾಗ ಕಂದಾಯ ದಾಖಲೆಯಲ್ಲಿ ‘ಬಿ ಖರಾಬು’. ಅದು ಯಾರ ಹಿಡುವಳಿಗೂ ಸೇರುವುದಿಲ್ಲ, ಅದನ್ನು ಉಳಿಸಲು ಒಂದು ಗುಂಟೆಯನ್ನೂ ಭೂಸ್ವಾಧೀನ ಮಾಡಬೇಕಿಲ್ಲ.

ಗ್ರಾಮ ಪಂಚಾಯಿತಿಯವರು ಮಾಡಬೇಕಾದ ಮೊದಲ ಕೆಲಸ, ಗ್ರಾಮ ನಕಾಶೆ ತೆಗೆಸಿ ಎರಡು ಗುಡ್ಡಗಳನ್ನು ಮುಟ್ಟುವ ಒಂದೇ ಒಂದು ಹಳ್ಳ ಆರಿಸುವುದು. ಎಲ್ಲ ಹಳ್ಳಕ್ಕೂ ಕೈ ಹಾಕಿದರೆ ಯಾವುದೂ ಮುಗಿಯುವುದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಹಳ್ಳದುದ್ದಕ್ಕೂ ಇರುವ ಸರ್ವೆ ನಂಬರ್‌ಗಳನ್ನು ಮೊಬೈಲಿನಲ್ಲೇ ನೋಡಬಹುದು. ಆದರೆ ಅದು ಅಂದಾಜಿಗೆ ಮಾತ್ರ, ಗಡಿ ಜಗಳಕ್ಕೆ ಪುರಾವೆ ಅಲ್ಲ. ಆಯಾ ನಂಬರಿನ ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ ಎಂದು ಬರೆದುಕೊಂಡು, ಸಭೆಯಲ್ಲಿ ನಿರ್ಣಯ ಮಾಡಿ, ತಹಶೀಲ್ದಾರರ ಮೂಲಕ ಭೂಮಾಪಕರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಇದು ಬೇಸಿಗೆಯಲ್ಲಿ, ಹೊಲ ಖಾಲಿ ಇದ್ದಾಗಲೇ ಆಗಬೇಕು. ಬೆಳೆ ನಿಂತ ಮೇಲೆ ಸರಪಳಿ ಎಳೆಯಲು ಯಾರೂ ಬಿಡುವುದಿಲ್ಲ, ಬಿಡಬೇಕೆಂದು ಕೇಳುವುದೂ ಸರಿಯಲ್ಲ. ಹಳ್ಳದ ಎರಡೂ ಬದಿ ತಲಾ ಹತ್ತು ಮೀಟರ್ ಸಿಕ್ಕರೆ ಒಂದು ಕಿಲೋಮೀಟರ್ ಉದ್ದಕ್ಕೆ ಬೇಕಾಗುವುದು ಎರಡೇ ಹೆಕ್ಟೇರ್, ಅಂದರೆ ಐದು ಎಕರೆ. ಖರಾಬು ಅಷ್ಟು ಅಗಲ ಇಲ್ಲದ ಕಡೆ ಪಕ್ಕದ ರೈತರ ಒಪ್ಪಿಗೆಯಿಂದ ಬದುವನ್ನು ಸೇರಿಸಿಕೊಳ್ಳಬೇಕು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ರೈತರಿಗೆ ಹಣ ಸಿಗುವ ವ್ಯವಸ್ಥೆ ಇರುವುದರಿಂದ ಇದು ಬರೀ ಪುಣ್ಯದ ಮಾತಲ್ಲ.

ನೆಲ ಗುರುತಾದ ಮೇಲೆ ಎಲ್ಲರೂ ಮಾಡುವ ತಪ್ಪು, ಜೆಸಿಬಿ ತಂದು ಇದ್ದದ್ದನ್ನೆಲ್ಲ ಬಳಿದು ಗುಂಡಿ ತೋಡುವುದು. ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಒಣಕಾಡಿನ ಅರ್ಧ ಜೀವ ನೆಲದ ಕೆಳಗಿನ ಬೊಡ್ಡೆಯಲ್ಲಿದೆ. ಕಡಿದು ಕಡಿದು ಪೊದೆಯಂತಾದ ದಿಂಡಿಗವನ್ನು ಬಗ್ಗಿ ನೋಡಿ: ಒಂದು ಗೇಣು ಅಗಲದ ಹಳೆ ಬೊಡ್ಡೆ, ಅದರ ಸುತ್ತ ಹೆಬ್ಬೆರಳು ಗಾತ್ರದ ಹತ್ತು ಹನ್ನೆರಡು ಚಿಗುರುಕೋಲು, ತುದಿಯೆಲ್ಲ ಮೇಕೆ ಕಚ್ಚಿದ ಗುರುತು. ಅದರ ಬೇರು ಕಲ್ಲಿನ ಸೀಳಿನಲ್ಲಿ ನೀರಿನ ಜಾಡು ಹಿಡಿದು ದಶಕಗಳಾಗಿರುತ್ತವೆ. ಅಂಥದ್ದನ್ನು ಕಿತ್ತು ಆ ಜಾಗದಲ್ಲಿ ಚೀಲದ ಸಸಿ ನೆಟ್ಟರೆ ಆ ಬೇರು ಎಲ್ಲಿಂದ ಬರಬೇಕು? ದಿಂಡಿಗದ ಬೀಜದಲ್ಲಿ ಬಹುಪಾಲು ಜೊಳ್ಳು, ಮೊಳೆಯುವುದು ತೀರಾ ಕಡಿಮೆ. ಹಾಗಾಗಿಯೇ ಅದು ನರ್ಸರಿಗಳಲ್ಲಿ ಕಾಣುವುದಿಲ್ಲ, ಅದರ ಬದಲಿಗೆ ಸಿಲ್ವರ್ ಓಕ್, ಅಕೇಶಿಯ ಬಂದು ಕೂರುತ್ತವೆ. ಬೊಡ್ಡೆ ಉಳಿಸಿಕೊಳ್ಳುವುದೇ ದಿಂಡಿಗಕ್ಕೆ ದಾರಿ.

ವಿಧಾನ ಕಷ್ಟದ್ದಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ, ಮಳೆಗೆ ಮುಂಚೆ, ಹತ್ತು ಮೀಟರ್ ಉದ್ದ ಹತ್ತು ಮೀಟರ್ ಅಗಲದ ಚೌಕಗಳನ್ನು ಗುರುತಿಸಿ ಜೀವಂತ ಬೊಡ್ಡೆ ಎಣಿಸಬೇಕು. ಚೌಕಕ್ಕೆ ನಾಲ್ಕು ಸಿಕ್ಕರೂ ಹೆಕ್ಟೇರಿಗೆ 400 ಆಯಿತು; ಅಲ್ಲಿ ಹೊಸ ಸಸಿಯ ಅಗತ್ಯವೇ ಇಲ್ಲ. ಪ್ರತಿ ಬೊಡ್ಡೆಯಲ್ಲಿ ನೆಲಕ್ಕೆ ಹತ್ತಿರ ಹೊರಟ ಎರಡು ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಹರಿತವಾದ ಕೊಡಲಿಯಿಂದ ಓರೆಯಾಗಿ ಕಡಿಯಬೇಕು. ಮೊಂಡು ಮಚ್ಚಿನಿಂದ ಜಜ್ಜಿದರೆ ಸೀಳಿನಲ್ಲಿ ನೀರು ನಿಂತು ಬೊಡ್ಡೆ ಕೊಳೆಯುತ್ತದೆ. ಬೊಡ್ಡೆಯ ಮೇಲ್ತುದಿಯಲ್ಲಿ ಹುಟ್ಟಿದ ಚಿಗುರು ನೋಡಲು ಚೆನ್ನಾಗಿರುತ್ತದೆ, ಆದರೆ ಆಷಾಢದ ಗಾಳಿಗೆ ಸಿಗಿದು ಬೀಳುತ್ತದೆ; ಅದನ್ನು ಉಳಿಸಬಾರದು. ಎರಡನೇ ವರ್ಷ ಎರಡರಲ್ಲಿ ಒಂದನ್ನು ಉಳಿಸಿದರೆ ಸಾಕು. ಕಡಿದ ಕೋಲು ಸೌದೆಗೆ, ಅದು ಊರಿನವರಿಗೇ ಸಿಗಲಿ.

ಕಳೆಯ ವಿಷಯಕ್ಕೆ ಬಂದರೆ, ಲಂಟಾನ ಮತ್ತು ಬಳ್ಳಾರಿ ಜಾಲಿ ಎರಡಕ್ಕೂ ಉಪಾಯ ಬೇರೆ ಬೇರೆ. ಲಂಟಾನದ ಪೊದೆ ಸವರಿದರೆ ಮರುವರ್ಷ ದುಪ್ಪಟ್ಟು ಚಿಗುರುತ್ತದೆ. ಅದರ ತಾಯಿಬೇರನ್ನು ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಗಂಟಿನ ಕೆಳಗೆ, ಕತ್ತರಿಸಿ ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿಡಬೇಕು. ಬೇರು ಮೇಲಾಗಿ ಒಣಗಿದರೆ ಮತ್ತೆ ಚಿಗುರದು. ಮಳೆಗಾಲದಲ್ಲಿ, ಮಣ್ಣು ಮೆತ್ತಗಿರುವಾಗ, ಕಾಯಿ ಕಪ್ಪಾಗುವ ಮೊದಲು ಈ ಕೆಲಸ ಆಗಬೇಕು. ಹಕ್ಕಿ ಕೂರುವ ಮರದ ಕೆಳಗೆ ಮುಂದಿನ ಎರಡು ಮೂರು ವರ್ಷ ಹೊಸ ಮೊಳಕೆ ಬರುತ್ತಲೇ ಇರುತ್ತದೆ. ಕೈಯಲ್ಲಿ ಕೀಳುವಷ್ಟು ಚಿಕ್ಕದಿರುವಾಗಲೇ ಕಿತ್ತುಬಿಡಬೇಕು. ಖಾಲಿಯಾದ ಜಾಗಕ್ಕೆ ಕಾವಲಿನಿಂದ ನವೆಂಬರ್ ಸುಮಾರಿಗೆ ಆಯ್ದು ತಂದಿಟ್ಟ ಹುಲ್ಲಿನ ಬೀಜ ಎರಚದಿದ್ದರೆ ಪಾರ್ಥೇನಿಯಂ ಬಂದು ಕೂರುತ್ತದೆ.

ಬಳ್ಳಾರಿ ಜಾಲಿಯ ಚಿಗುರುಕಣ್ಣು ನೆಲದ ಕೆಳಗೂ ಇರುತ್ತದೆ. ಇದ್ದಿಲಿಗೆಂದು ನೆಲಮಟ್ಟಕ್ಕೆ ಕಡಿದರೆ ಒಂದಿದ್ದ ಕಾಂಡ ಎಂಟಾಗುತ್ತದೆ. ಸುತ್ತ ಒಂದು ಅಡಿ ಅಗೆದು ಅದಕ್ಕಿಂತ ಕೆಳಗೆ ಬೇರು ಕಡಿಯಬೇಕು. ಅದರ ಕಾಯಿ ತಿಂದ ಕುರಿ, ಮೇಕೆ, ದನದ ಹೊಟ್ಟೆಯಲ್ಲಿ ಬೀಜ ಸಾಯುವುದಿಲ್ಲ. ಹಟ್ಟಿ ಗೊಬ್ಬರದ ಜೊತೆ ಹೊಲ ಸೇರುತ್ತದೆ. ಗೊಬ್ಬರವನ್ನು ತಿಪ್ಪೆಯಲ್ಲಿ ಬಿಸಿಯೇರುವಂತೆ ಚೆನ್ನಾಗಿ ಕೊಳೆಸಿ ಹಾಕುವುದು ಒಳ್ಳೆಯದು. ಒಂದೇ ವರ್ಷ ಎಲ್ಲ ಜಾಲಿ ತೆಗೆಯುವುದೂ ಬೇಡ. ಎಷ್ಟೋ ಮನೆಗಳ ಒಲೆ ಅದರ ಮೇಲೆ ನಡೆದಿದೆ, ಹಳ್ಳದ ದಂಡೆಯ ಮಣ್ಣನ್ನೂ ಸದ್ಯಕ್ಕೆ ಅದೇ ಹಿಡಿದಿದೆ. ನೂರು ಮೀಟರ್ ತೆಗೆದು, ಅಲ್ಲಿ ಬೇರೆ ಗಿಡ ಹಿಡಿದ ಮೇಲೆ ಮುಂದಿನ ನೂರಕ್ಕೆ ಹೋಗಬೇಕು.

ಸಸಿ ಬೇಕೇ ಬೇಕಾದ ಕಡೆ ನೆಡುವ ಕಾಲವನ್ನು ಮಳೆ ನಕ್ಷತ್ರ ನೋಡಿ ನಿರ್ಧರಿಸಬೇಕು, ಪರಿಸರ ದಿನಾಚರಣೆ ನೋಡಿ ಅಲ್ಲ. ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆಯ ಪಶ್ಚಿಮದ ಅಂಚಿಗೆ ಜೂನ್ ಸರಿ. ಜಗಳೂರು, ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆ ಮೃಗಶಿರ, ಆರಿದ್ರದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಜೂನ್ 5ಕ್ಕೆ ನೆಟ್ಟ ಸಸಿ ಜುಲೈ ಗಾಳಿಗೆ ಒಣಗಿ ಕಡ್ಡಿಯಾಗುತ್ತದೆ. ಅಲ್ಲಿ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಖೆ, ಹುಬ್ಬೆಯಲ್ಲಿ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ನೆಲ ಒಂದಡಿ ನೆನೆದ ಮೇಲೆ ನೆಟ್ಟರೆ ಉತ್ತರೆ, ಹಸ್ತ, ಚಿತ್ತೆಯ ಮಳೆ ಸಸಿಗೆ ಸಿಗುತ್ತದೆ. ಗುಂಡಿ ಮಾತ್ರ ಬೇಸಿಗೆಯಲ್ಲೇ, ಒಂದೂವರೆ ಅಡಿ ಉದ್ದ, ಅಗಲ, ಆಳ ತೆಗೆದು ಬಿಸಿಲಿಗೆ ಬಿಟ್ಟಿರಬೇಕು. ತುಂಬುವಾಗ ಮೇಲ್ಮಣ್ಣು ಮೊದಲು ಕೆಳಗೆ ಹೋಗಲಿ, ಜೊತೆಗೆ ಒಂದು ಪುಟ್ಟಿ ಕಳಿತ ಗೊಬ್ಬರ. ಚೀಲದ ಸಸಿಯ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಅರ್ಧ ಇಂಚು ಕತ್ತರಿಸಿ ನೆಡಬೇಕು. ಹಾಗೇ ನೆಟ್ಟರೆ ಬೇರು ಗುಂಡಿಯೊಳಗೇ ಸುತ್ತುತ್ತದೆ, ನಾಲ್ಕೈದು ವರ್ಷವಾದ ಮೇಲೂ ಗಾಳಿಗೆ ಮಗುಚುತ್ತದೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದ ಪಾತಿ ಕಟ್ಟಿದರೆ ಹರಿದು ಹೋಗುವ ನೀರು ನಿಲ್ಲುತ್ತದೆ. ಮೊದಲ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಕೊಡ ನೀರು ಕೊಡಲು ಆಗದಿದ್ದರೆ ಸಸಿಗಳ ಸಂಖ್ಯೆಯನ್ನೇ ಇಳಿಸಿ.

ಕಮರಕ್ಕೆ ಚೀಲವೇ ಬೇಡ. ಅದರ ತೆಳ್ಳನೆಯ, ರೆಕ್ಕೆಯಂಥ ಕಾಯಿ ಬೇಸಿಗೆಯಲ್ಲಿ ಗಾಳಿಗೆ ಹಾರಿ ಬೀಳುತ್ತದೆ, ತುದಿಯಲ್ಲಿ ಒಂದೇ ಬೀಜ. ಆ ವರ್ಷದ ಬೀಜವನ್ನು ಅದೇ ವರ್ಷ, ಮಳೆಗೆ ಮುಂಚೆ ಬದುವಿನಲ್ಲೇ ಬಿತ್ತಬೇಕು, ಇಟ್ಟರೆ ಕೆಡುತ್ತದೆ. ಎಲ್ಲ ವರ್ಷವೂ ಕಾಯಿ ಸಮೃದ್ಧಿಯಾಗಿ ಬಿಡುವುದಿಲ್ಲ, ಬಿಟ್ಟ ವರ್ಷವನ್ನು ಕಳೆದುಕೊಳ್ಳಬಾರದು. ಮೊಳೆತ ಮೇಲೆ ಮೊದಲೆರಡು ವರ್ಷ ನೆಲದ ಮೇಲೆ ಬೆಳವಣಿಗೆ ಕಾಣುವುದೇ ಇಲ್ಲ ಎನ್ನಬೇಕು, ಎಲ್ಲ ಶಕ್ತಿಯೂ ಬೇರಿಗೆ ಹೋಗುತ್ತಿರುತ್ತದೆ. ಮುತ್ತುಗದಂಥ ಮರಗಳ ಮರಿ ಬೇಸಿಗೆಯಲ್ಲಿ ಮೇಲಿನಿಂದ ಪೂರ್ತಿ ಒಣಗಿ, ಮಳೆಗೆ ಬುಡದಿಂದ ಮತ್ತೆ ಏಳುವುದೂ ಉಂಟು. ಏಪ್ರಿಲ್‌ನಲ್ಲಿ ಎಣಿಸಲು ಬಂದವರು ‘ಸತ್ತಿದೆ’ ಎಂದು ಬರೆದು ಕಿತ್ತು ಹೊಸ ಗುಂಡಿ ತೋಡಿಸುತ್ತಾರೆ. ಕೀಳುವ ಮುಂಚೆ ಬುಡದ ಹತ್ತಿರ ಉಗುರಿನಿಂದ ತೊಗಟೆ ಕೆರೆದು ನೋಡಲಿ. ಒಳಗೆ ಹಸಿರು ಇದ್ದರೆ ಜೀವ ಇದೆ.

ಬೇಲಿಗೆ ತಂತಿ ಬೇಡ. ಲಕ್ಕಿಯ ಎರಡಡಿ ಕೋಲುಗಳನ್ನು ಮಳೆಗಾಲದಲ್ಲಿ ಒಂದು ಅಡಿಗೊಂದರಂತೆ ಎರಡು ಸಾಲಾಗಿ, ಎದುರುಬದುರಾಗದಂತೆ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಮೇಕೆಗೂ ಅದರ ಎಲೆ ಅಷ್ಟಾಗಿ ಹಿಡಿಸದು. ನಡುವೆ ಕವಳಿ, ಬಾರೆ ಹಾಕಿದರೆ ಮೂರನೇ ವರ್ಷಕ್ಕೆ ದನ ನುಗ್ಗದ ಬೇಲಿ. ಈಗಾಗಲೇ ತಂತಿ ಹಾಕಿರುವವರು ಕೆಳಗಿನ ಎಳೆಯನ್ನು ಮುಳ್ಳಿಲ್ಲದ ತಂತಿಗೆ ಬದಲಾಯಿಸಿ ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಎತ್ತಿದರೆ ಕೊಂಡುಕುರಿ ತೂರಿ ಹೋಗಬಹುದು. ಲೈನಿನಿಂದ ನೇರ ವಿದ್ಯುತ್ ಹರಿಸುವುದು ಅಪರಾಧ. ಅದಕ್ಕೆ ಕಾಡುಪ್ರಾಣಿಯಷ್ಟೇ ಅಲ್ಲ, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವರೂ ಬಲಿಯಾಗುತ್ತಾರೆ.

ರೈತರ ಎರಡು ಆಕ್ಷೇಪಗಳು ನ್ಯಾಯವಾದವು. ನೆರಳು ಬಿದ್ದ ಸಾಲಿನಲ್ಲಿ ಬೆಳೆ ಕುಗ್ಗುವುದು ನಿಜ. ಕೆಳಗಿನ ಕೊಂಬೆ ಸವರುವುದು, ಹೊಲದ ಬದಿಗೆ ಎರಡಡಿ ಆಳದ ಕಾಲುವೆ ತೆಗೆದು ಬೇರು ತಡೆಯುವುದು ಇದಕ್ಕೆ ಪರಿಹಾರ. ಆ ಕಾಲುವೆ ಮಳೆನೀರನ್ನೂ ಹಿಡಿಯುತ್ತದೆ. ಎರಡನೆಯದು ಕಾಡುಹಂದಿ. ಹಂದಿಗೆ ಹಗಲು ಅಡಗಲು ಬೇಕಾದದ್ದು ಒತ್ತಾದ ಲಂಟಾನ, ಜಾಲಿಯ ಪೊದೆ. ಅವು ಹೋಗಿ ಎತ್ತರದ ಮರ, ಹುಲ್ಲು ಬಂದರೆ ಅಡಗುತಾಣ ಕಡಿಮೆಯಾಗುತ್ತದೆ. ಹಂದಿ ಪೂರ್ತಿ ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನು ಲಾಭದ ಮಾತು: ಸೂರ್ಯಕಾಂತಿಗೂ ಈರುಳ್ಳಿ ಬೀಜದ ಬೆಳೆಗೂ ಜೇನು ಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಹೂವಿಲ್ಲದಾಗ ಜೇನನ್ನು ಬದುಕಿಸುವುದು ಹೊಂಗೆ, ನೇರಳೆ ಮುಂತಾದ ದಂಡೆಯ ಮರಗಳ ಹೂವು. ಮೆಕ್ಕೆಜೋಳಕ್ಕೆ ಹೊಡೆಯುವ ಕಳೆನಾಶಕವನ್ನು ದಂಡೆಯ ಕಡೆ ಗಾಳಿ ಬೀಸುವಾಗ ಹೊಡೆಯಬಾರದು, ಕೊನೆಯ ನಾಲ್ಕು ಸಾಲಿಗೆ ಕುಂಟೆಯೇ ಸಾಕು.

ಬೆಂಕಿಗೆ ಹೆಚ್ಚು ಹೇಳಬೇಕಿಲ್ಲ. ಜನವರಿ ಮುಗಿಯುವುದರೊಳಗೆ ಗುಡ್ಡದ ಅಂಚಿನಲ್ಲಿ ಆರು ಮೀಟರ್ ಅಗಲ ಹುಲ್ಲು ಕೊಯ್ದು ದನಕ್ಕೆ ಹಾಕಿದರೆ ಅದೇ ಬೆಂಕಿರೇಖೆ. ಮೆಕ್ಕೆಜೋಳದ ದಂಟನ್ನು ಬದುವಿನಲ್ಲಿ ಸುಡುವ ಬದಲು ಹೊಲದಲ್ಲೇ ಪುಡಿ ಮಾಡಿ ಹಾಕಲಿ.

ಗಾಳಿಯಂತ್ರ, ಹೆದ್ದಾರಿ, ಭದ್ರಾ ಮೇಲ್ದಂಡೆ ಕಾಲುವೆಗಳ ವಿಚಾರದಲ್ಲಿ ಜಿಲ್ಲಾಡಳಿತಕ್ಕೆ ಮೂರು ಮನವಿಗಳಿವೆ. ಗಾಳಿಯಂತ್ರದ ಕಂಬ ಹಿಡಿಯುವ ಜಾಗಕ್ಕಿಂತ ಅಲ್ಲಿಗೆ ಏರುವ ರಸ್ತೆ ಗುಡ್ಡವನ್ನು ಹೆಚ್ಚು ಸೀಳುತ್ತದೆ. ಅಗೆದ ಮಣ್ಣು, ಕಲ್ಲನ್ನು ಇಳಿಜಾರಿಗೆ ದಬ್ಬಿದರೆ ಹಳ್ಳದ ಮೂಲವೇ ಮುಚ್ಚುತ್ತದೆ. ಆದ್ದರಿಂದ ಅನುಮತಿ ಕೊಡುವಾಗ ಕಂಬಗಳ ಜೊತೆ ರಸ್ತೆಯ ಉದ್ದವನ್ನೂ ಮಣ್ಣು ಹಾಕುವ ಜಾಗವನ್ನೂ ಲೆಕ್ಕಕ್ಕೆ ಹಿಡಿಯಲಿ. ಹೆದ್ದಾರಿಯ ಕೆಳಗೆ ಹಳ್ಳ ಹಾಯುವ ಮೋರಿಗಳಲ್ಲಿ ಮರಳು, ಕಸ ತುಂಬಿ ಪ್ರಾಣಿಗಳು ರಸ್ತೆಯ ಮೇಲೆಯೇ ದಾಟಿ ಸಾಯುತ್ತಿವೆ. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅವನ್ನು ಬಿಡಿಸಲಿ. ಕಾಂಕ್ರೀಟ್ ಹೊದಿಸಿದ ಕಾಲುವೆಗೆ ಬಿದ್ದ ಪ್ರಾಣಿ ನುಣುಪು ಗೋಡೆ ಹತ್ತಲಾರದು. ಕಾಡಂಚಿನ ಭಾಗದಲ್ಲಿ ಅರ್ಧ ಕಿಲೋಮೀಟರ್‌ಗೊಂದು ಒರಟು ಇಳಿಜಾರು ಮೆಟ್ಟಿಲು, ಹಳ್ಳ ಸೇರುವಲ್ಲಿ ಮಣ್ಣು ಹೊದಿಸಿದ ಅಗಲ ಸೇತುವೆ ಕಟ್ಟುವುದು ಕಾಮಗಾರಿ ನಡೆಯುವಾಗಲೇ ಸುಲಭ. ಆಮೇಲೆ ಕಟ್ಟಲು ಹಣವೂ ಬರುವುದಿಲ್ಲ, ಮನಸ್ಸೂ ಇರುವುದಿಲ್ಲ.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ 2002ರ ಕಾಯ್ದೆಯಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಗಳು ಈ ಬೇಸಿಗೆಯಲ್ಲಿ ತಮ್ಮ ಊರಿನ ಒಂದು ಹಳ್ಳ ಆರಿಸಲಿ, ಬೊಡ್ಡೆ ಎಣಿಸಲಿ, ಅಳತೆಗೆ ಅರ್ಜಿ ಕೊಡಲಿ. ಮಾರ್ಚ್‌ನಲ್ಲಿ ಅರ್ಜಿ ಕೊಟ್ಟರೆ ಮೇ ಹೊತ್ತಿಗೆ ಕಲ್ಲು ಬೀಳಬಹುದು, ಮಖೆ ಮಳೆಗೆ ಗುಂಡಿ ಸಿದ್ಧವಿರುತ್ತದೆ.

ಇಂತಿ,
ಒಣಕಾಡಿನ ಕಾಳಜಿಯುಳ್ಳ ಓದುಗರು
ಚಿತ್ರದುರ್ಗ